ಹಾಟ್ ರಾಡ್ ಹುಚ್ಚು ಮತ್ತು ನಮ್ಮೂರ ಯೆಜ್ಡಿ

ನಾನು ಹಾವೇರಿಯವ. ಹಳೇ ಗಾಡಿ ಬಿಚ್ಚೋದು, ಜೋಡಿಸೋದು ನನ್ನ ಹುಚ್ಚು. ಇವತ್ತು ಅದರ ಬಗ್ಗೆನೇ ಮಾತಾಡೋಣ.

ಅಮೆರಿಕದ ‘ಹಾಟ್ ರಾಡ್’ ಗಾಡಿಗಳನ್ನ ನೀವು ವಿಡಿಯೊದಲ್ಲಿ ನೋಡಿರ್ತೀರಿ. ಮೇಲೆ ಚಾವಣಿ ಇಲ್ಲ, ಮಡ್‌ಗಾರ್ಡ್ ಇಲ್ಲ, ಎಂಜಿನ್ ಹೊರಗೇ ಕಾಣುತ್ತೆ. ಈಗ ಅದು ಶ್ರೀಮಂತರ ಶೋಕಿ ಅನ್ನಿಸಬಹುದು. ಶುರುವಾಗಿದ್ದು ಮಾತ್ರ ಕೈಯಲ್ಲಿ ಹೆಚ್ಚು ದುಡ್ಡಿಲ್ಲದ ಹುಡುಗರಿಂದ. 1932ರಲ್ಲಿ ಫೋರ್ಡ್ ಕಂಪನಿ ಕಡಿಮೆ ಬೆಲೆಯ ಕಾರಿಗೂ ವಿ8 ಎಂಜಿನ್ ಕೊಟ್ಟಿತು. ಅಂಥ ಕಾರುಗಳು ಮುಂದೆ ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಕ್ಕವು. ಕ್ಯಾಲಿಫೋರ್ನಿಯಾದ ಹುಡುಗರು ಅವನ್ನು ಕೊಂಡು, ಭಾರ ಇಳಿಸೋಕೆ ಬೇಡದ್ದನ್ನೆಲ್ಲ ಬಿಚ್ಚಿ ಹಾಕಿ, ಒಣಗಿದ ಕೆರೆಯಂಗಳದಲ್ಲಿ ಓಡಿಸಿದರು. ಕೆಲವರು ಊರ ರಸ್ತೆಯಲ್ಲೂ ರೇಸ್ ಶುರು ಮಾಡಿದರು. ಅದನ್ನ ರಸ್ತೆಯಿಂದ ತಪ್ಪಿಸಿ, ನಿಯಮ ಹಾಕಿ, ಮೈದಾನಕ್ಕೆ ತರಬೇಕು ಅಂತ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಹುಟ್ಟಿಕೊಂಡಿತು.

ನಮ್ಮಲ್ಲಿ ಹಂಗೇ ಗಾಡಿ ಕಟ್ಟಿ ರಸ್ತೆಗೆ ಇಳಿಸಬಹುದಾ? ಆಗೋದಿಲ್ರಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಆಯಿತು.

ಹಂಗಾದ್ರೆ ನಮ್ಮ ಹುಚ್ಚಿಗೆ ದಾರಿ ಯಾವುದು? ನನ್ನ ಉತ್ತರ, ಇದ್ದ ಗಾಡಿಯನ್ನ ಇದ್ದ ಹಾಗೇ ಎಬ್ಬಿಸಿ ನಿಲ್ಲಿಸೋದು. ಅದಕ್ಕೆ ನಮ್ಮದೇ ನಾಡಿನ ಗಾಡಿ ಐತಿ, ಜಾವಾ ಮತ್ತು ಯೆಜ್ಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗಿ, 1996ರಲ್ಲಿ ಬಾಗಿಲು ಹಾಕುವವರೆಗೂ ಊರೂರಿಗೆ ಬಂದವು. ನಮ್ಮ ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. ಅಂದ್ರೆ ಇಲ್ಲಿನ ಹಳೇ ಯೆಜ್ಡಿಗಳು ಧಾರವಾಡದ ಕಾಲದವು.

ಈ ಗಾಡಿಯ ಜಾಣತನ ನೋಡ್ರಿ. ಕಿಕ್ ಹೊಡೆಯೋದೂ ಗೇರ್ ಹಾಕೋದೂ ಒಂದೇ ಲಿವರಿನಲ್ಲಿ. 250 ಸಿಸಿ, ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಈಗಿನ ಹುಡುಗರು ಗಾಡಿ ಕೈಗೆ ಬಂದ ಕೂಡಲೇ ಮೊದಲು ಕತ್ತರಿಸೋದೇ ಆ ಸೈಲೆನ್ಸರನ್ನ. ಟೂ ಸ್ಟ್ರೋಕ್ ಎಂಜಿನ್ನಿಗೆ ಸೈಲೆನ್ಸರ್ ಬರೀ ಸದ್ದು ತಗ್ಗಿಸೋ ಡಬ್ಬಿ ಅಲ್ಲ. ಹೊಗೆ ಹೊರಡುವಾಗ ಅದರೊಳಗೆ ಎದ್ದ ಒತ್ತಡದ ಅಲೆ ವಾಪಸ್ ಬಂದು, ಸುಡದೇ ಹೊರಗೆ ಹೊರಟ ಪೆಟ್ರೋಲನ್ನ ಸಿಲಿಂಡರಿಗೆ ಹಿಂದಕ್ಕೆ ತಳ್ಳಬೇಕು. ಪೈಪ್ ಕತ್ತರಿಸಿದರೆ ಆ ಲೆಕ್ಕ ತಪ್ಪುತ್ತೆ. ಸದ್ದು ಏರುತ್ತೆ, ಎಳೆತ ಬೀಳುತ್ತೆ. ರಾಣೆಬೆನ್ನೂರಿನಲ್ಲಿ ನಾನು ಹೋಗುವ ಲೇತ್ ಅಂಗಡಿಯ ಕಾಕಾ ಅಂಥ ಹುಡುಗರಿಗೆ ಒಂದೇ ಮಾತು ಹೇಳ್ತಾರೆ: “ತಮ್ಮಾ, ಸದ್ದು ಬೇಕಂದ್ರ ಡೊಳ್ಳು ತಗೋ.”

ಈಗ ನನಗೆ ಚಿಂತೆ ಇರೋದು ಗಾಡಿಗಳಿಗಿಂತ ಇಂಥ ಕಾಕಾಗಳ ಬಗ್ಗೆ. ಸಿಲಿಂಡರ್ ಸವೆದಿದ್ದರೆ ಎಷ್ಟು ಬೋರ್ ಹೊಡೆಯಬೇಕು, ಯಾವ ಅಳತೆಯ ಪಿಸ್ಟನ್ ಕೂಡುತ್ತೆ ಅನ್ನೋದು ಅವರ ಬೆರಳಿಗೆ ಗೊತ್ತು. ವರ್ಷಗಟ್ಟಲೆ ನಿಂತ ಗಾಡಿಯ ಕ್ರ್ಯಾಂಕಿನ ಆಯಿಲ್ ಸೀಲ್ ಗಡಸಾಗಿ ಗಾಳಿ ಎಳೀತಿದ್ದರೆ ಎಂಜಿನ್ ಓಡೋ ಸದ್ದು ಕೇಳಿಯೇ ಹೇಳ್ತಾರೆ. ಅದನ್ನ ಬಿಟ್ಟು ಓಡಿಸಿದರೆ ಬಿಸಿ ಏರಿ ಪಿಸ್ಟನ್ ಹಿಡಿದುಕೊಳ್ಳುತ್ತೆ. ಈ ವಿದ್ಯೆ ಪುಸ್ತಕದಲ್ಲಿ ಪೂರ್ತಿ ಸಿಗಲ್ಲ. ಪಕ್ಕದಲ್ಲಿ ಒಬ್ಬ ಹುಡುಗ ನಿಂತು ಕಲೀಬೇಕು. ಹುಡುಗ ನಿಲ್ಲಬೇಕಂದ್ರೆ ಅಂಗಡಿಗೆ ಕೆಲಸ ಬರಬೇಕು. ಕೆಲಸ ಬರಬೇಕಂದ್ರೆ ಹಳೇ ಗಾಡಿ ಉಳೀಬೇಕು.

ಅದಕ್ಕೇ ಬ್ಯಾಡಗಿ ಕಡೆಯ ನನ್ನ ರೈತ ಗೆಳೆಯರಿಗೆ ಒಂದು ಮಾತು. ನಿಮ್ಮ ಕೊಟ್ಟಿಗೆಯಲ್ಲಿ ಮೆಣಸಿನಕಾಯಿ ಚೀಲದ ಹಿಂದೆ ಅಪ್ಪನ ಯೆಜ್ಡಿ ನಿಂತಿದ್ದರೆ ಗುಜರಿಯವರಿಗೆ ಕೆಜಿ ಲೆಕ್ಕದಲ್ಲಿ ತೂಗಿ ಕೊಡಬೇಡ್ರಿ. ಮೊದಲು ಆರ್‌ಸಿ ಹುಡುಕ್ರಿ. ಚಾಸಿಸ್ ನಂಬರು, ಎಂಜಿನ್ ನಂಬರು ಹೊಂದುತ್ತಾ ನೋಡ್ರಿ. 15 ವರ್ಷ ಮುಗಿದ ಗಾಡಿಯ ನೋಂದಣಿಯನ್ನ ಫಿಟ್‌ನೆಸ್ ಪಾಸ್ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬಹುದು. 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿ ಬಂದಿದೆ. ಹೊಸದಾಗಿ ನೋಂದಣಿ ಆಗುವವಕ್ಕೆ ‘ವಿಎ’ ಸರಣಿಯ ನಂಬರು, ಮೊದಲೇ ಆಗಿದ್ದರೆ ಹಳೇ ನಂಬರೇ ಉಳಿಯುತ್ತೆ. ಆದರೆ ವಿಂಟೇಜ್ ಗಾಡಿಯನ್ನ ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು, ದಿನಾ ಸಂತೆಗೆ ಹೋಗೋಕಲ್ಲ.

ನಮ್ಮ ಜಿಲ್ಲೆಯ ಜನಕ್ಕೆ ಮೆಚ್ಚೋದು ಹೇಗೆ ಅಂತ ಯಾರೂ ಕಲಿಸಬೇಕಿಲ್ಲ. ಕೊಬ್ಬರಿ ಹೋರಿಗೆ ಹೆಸರಿಟ್ಟು, ಮೇಯಿಸಿ, ಸಿಂಗರಿಸಿ ಅಖಾಡಕ್ಕೆ ಬಿಡುವವರು ನಾವು. ಹೋರಿ ನೋಡಿದವರು “ಯಾರು ಸಾಕಿದ್ದು?” ಅಂತ ಕೇಳ್ತಾರೆ. ಗಾಡಿ ನೋಡಿದಾಗಲೂ “ಯಾರು ಕಟ್ಟಿದ್ದು?” ಅಂತ ಕೇಳ್ರಿ. ಕಟ್ಟಿದ ಮಿಸ್ತ್ರಿಯ ಹೆಸರು ಹೇಳ್ರಿ, ಕೂಲಿಯಲ್ಲಿ ಚೌಕಾಸಿ ಮಾಡಬೇಡ್ರಿ. ಬ್ರೇಕ್ ಮೊದಲು ಸರಿಮಾಡಿಸಿ, ವೇಗದ ಮಾತು ಆಮೇಲೆ.