ಏಷ್ಯನ್ ಎನ್ನೋಣವೇ, ಏಷ್ಯಾಟಿಕ್ ಎನ್ನೋಣವೇ?

ಕೆಲವು ವಾರಗಳ ಹಿಂದೆ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ನನ್ನಿಂದ ಒಂದು ತಪ್ಪಾಯಿತು. ಹೊರದೇಶಗಳಲ್ಲಿ ನೆಲೆಸಿದ ನಮ್ಮವರ ಬಗ್ಗೆ ಹೇಳುತ್ತಾ "ಲಂಡನ್ನಿನ ಏಷ್ಯಾಟಿಕ್ ಜನ" ಎಂದುಬಿಟ್ಟೆ. ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಫೋನು ಬಂತು. ಡೊಂಬಿವಲಿಯಲ್ಲಿರುವ, ಧಾರವಾಡ ಕಡೆಯ, ಎಂಬತ್ತರ ಹತ್ತಿರದ ನಿವೃತ್ತ ಮಾಸ್ತರರು. "ತಂಗೀ, ಸಿಂಹಕ್ಕ ಏಷ್ಯಾಟಿಕ್ ಅಂದ್ರ ನಡೀತದ. ಮನಷ್ಯಾರಿಗೆ ಅನಬ್ಯಾಡವಾ" ಎಂದರು. ಯಾಕೆ ಸರ್ ಎಂದು ಕೇಳಿದೆ. "ಯಾಕಂತ ನೀನ ಹುಡುಕು. ಹುಡುಕಿ ರೇಡಿಯೋದಾಗ ಹೇಳು" ಎಂದು ಫೋನಿಟ್ಟರು. ಇಂದಿನ ಮಾತು ಆ ಹುಡುಕಾಟದ್ದು.

ಕೇಳುಗರೇ, ಏಷ್ಯನ್ ಮತ್ತು ಏಷ್ಯಾಟಿಕ್ ಎರಡೂ ಇಂಗ್ಲಿಷಿನ ಗುಣವಾಚಕಗಳು. ಎರಡರ ಬೇರೂ ಗ್ರೀಕ್ ಮತ್ತು ಲ್ಯಾಟಿನ್. ಎರಡಕ್ಕೂ ಅರ್ಥ ಒಂದೇ, ಏಷ್ಯಾಕ್ಕೆ ಸೇರಿದ್ದು ಎಂದು. ರೋಮನ್ನರ ಕಾಲದಲ್ಲಿ ಇಂದಿನ ಟರ್ಕಿಯ ಪಶ್ಚಿಮ ಭಾಗದ ಒಂದು ಪ್ರಾಂತಕ್ಕೂ ಏಷ್ಯಾ ಎಂದೇ ಹೆಸರಿತ್ತು. ಆ ಹೆಸರು ಬೆಳೆದು ಬೆಳೆದು ಜಪಾನಿನವರೆಗೆ ಹಬ್ಬಿತು.

ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಇಂಗ್ಲಿಷ್ ವಿದ್ವಾಂಸರಿಗೆ ಏಷ್ಯಾಟಿಕ್ ಎಂಬುದು ಗೌರವದ ಪದವೇ ಆಗಿತ್ತು. 1784ರಲ್ಲಿ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಏಷ್ಯಾಟಿಕ್ ಸೊಸೈಟಿ ಕಟ್ಟಿದರು. ನಮ್ಮ ಮುಂಬಯಿಯಲ್ಲಿ 1804ರಲ್ಲಿ ಜೇಮ್ಸ್ ಮೆಕಿಂತೋಷ್ ಆರಂಭಿಸಿದ ಲಿಟರರಿ ಸೊಸೈಟಿಯೇ ಮುಂದೆ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯಾಯಿತು. ಹಾರ್ನಿಮನ್ ಸರ್ಕಲ್ಲಿನ ಎದುರು, ಎತ್ತರದ ಬಿಳಿ ಕಂಬಗಳ ಟೌನ್ ಹಾಲ್ ನೀವೆಲ್ಲ ನೋಡಿದ್ದೀರಿ. 1833ರಲ್ಲಿ ಪೂರ್ಣಗೊಂಡ ಆ ಕಟ್ಟಡದಲ್ಲೇ ಈ ಸಂಸ್ಥೆ ಇದೆ. 2002ರಿಂದ ಅದರ ಹೆಸರು ಏಷ್ಯಾಟಿಕ್ ಸೊಸೈಟಿ ಆಫ್ ಮುಂಬಯಿ. ಕನ್ನಡದ ಹಳೆಯ ಶಾಸನಗಳನ್ನು ಓದಿದ ಜೆ. ಎಫ್. ಫ್ಲೀಟ್ ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದವರು. ಅವರ ಬರಹಗಳು ಈ ಸಂಸ್ಥೆಯ ಪತ್ರಿಕೆಯಲ್ಲೂ ಅಚ್ಚಾದವು. ಕನ್ನಡಿಗರಾದ ನಮಗೆ ಆ ಪದದ ಋಣವೂ ಇದೆ ಎನ್ನಿ.

ಹಾಗಾದರೆ ಪದ ಕೆಟ್ಟದ್ದು ಎಲ್ಲಿ? ಸರಕಾರಿ ದಫ್ತರದಲ್ಲಿ.

1906ರಲ್ಲಿ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್ ಸರಕಾರ ಒಂದು ಕಾಯಿದೆ ತರಲು ಹೊರಟಿತು. ಅದರ ಹೆಸರಿನಲ್ಲೇ ಏಷ್ಯಾಟಿಕ್ ಎಂಬ ಪದವಿತ್ತು. ಅಲ್ಲಿದ್ದ ಭಾರತೀಯರು, ಚೀನೀಯರು ಎಲ್ಲರೂ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕು, ಪೊಲೀಸರು ಕೇಳಿದಾಗಲೆಲ್ಲ ಪ್ರಮಾಣಪತ್ರ ತೋರಿಸಬೇಕು. ಗುಜರಾತಿ ವ್ಯಾಪಾರಿಯಾಗಲಿ, ತಮಿಳು ಕೂಲಿಯಾಗಲಿ, ಬ್ಯಾರಿಸ್ಟರ್ ಗಾಂಧಿಯೇ ಆಗಲಿ, ದಫ್ತರದಲ್ಲಿ ಎಲ್ಲರೂ ಒಂದೇ: ಏಷ್ಯಾಟಿಕ್. ಅದೇ ವರ್ಷ ಸೆಪ್ಟೆಂಬರ್ 11ರಂದು ಜೊಹಾನ್ಸ್‌ಬರ್ಗಿನ ಎಂಪೈರ್ ಥಿಯೇಟರಿನಲ್ಲಿ ಜನ ಸೇರಿ, ಇದಕ್ಕೆ ತಲೆಬಾಗುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಸತ್ಯಾಗ್ರಹ ಹುಟ್ಟಿದ್ದು ಅಲ್ಲಿ. ಅಂಥ ದಫ್ತರಗಳಲ್ಲಿ ಉಜ್ಜಿ ಉಜ್ಜಿ ಆ ಪದಕ್ಕೆ ಕೀಳು ಬಣ್ಣ ಹತ್ತಿತು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಾವೇ ನಮ್ಮನ್ನು ಕರೆದುಕೊಳ್ಳುವ ಕಾಲ ಬಂದಾಗ ಆರಿಸಿದ್ದು ಇನ್ನೊಂದು ಪದವನ್ನು. 1947ರಲ್ಲಿ ದೆಹಲಿಯಲ್ಲಿ ನಡೆದದ್ದು ಏಷ್ಯನ್ ಬಾಂಧವ್ಯ ಸಮ್ಮೇಳನ. 1951ರಲ್ಲಿ ಅಲ್ಲೇ ನಡೆದದ್ದು ಮೊದಲ ಏಷ್ಯನ್ ಕ್ರೀಡಾಕೂಟ. ಅದಕ್ಕೂ ಮೊದಲೇ, 1942ರಲ್ಲಿ, ನಮ್ಮ ಮುಂಬಯಿಯಲ್ಲಿ ಏಷ್ಯನ್ ಪೇಂಟ್ಸ್ ಶುರುವಾಗಿತ್ತು. ಬಣ್ಣದ ಡಬ್ಬಿಯ ಮೇಲೆ ಕುಂಚ ಹಿಡಿದು ನಿಂತಿದ್ದ ತುಂಟ ಹುಡುಗ ಗಟ್ಟು ನೆನಪಿದ್ದಾನೆಯೇ? 1954ರಲ್ಲಿ ಅವನನ್ನು ಬರೆದವರು ಮೈಸೂರಿನಿಂದ ಬಂದು ಮುಂಬಯಿಯವರೇ ಆದ ಆರ್. ಕೆ. ಲಕ್ಷ್ಮಣ್.

ಆದ್ದರಿಂದ ರೂಢಿ ಹೀಗಿದೆ. ಜನರ ಬಗ್ಗೆ, ದೇಶಗಳ ಬಗ್ಗೆ, ಊಟ ಉಡುಪಿನ ಬಗ್ಗೆ ಹೇಳುವಾಗ ಏಷ್ಯನ್. ಹಳೆಯ ಸಂಸ್ಥೆಗಳ ಹೆಸರಿನಲ್ಲಿ, ಗಿರ್ ಕಾಡಿನ ಸಿಂಹದಂಥ ಪ್ರಾಣಿಗಳ ಹೆಸರಿನಲ್ಲಿ ಏಷ್ಯಾಟಿಕ್ ಉಳಿದಿದೆ. ಅದನ್ನು ತಿದ್ದಲು ಹೋಗಬೇಕಾಗಿಲ್ಲ. ಇನ್ನೊಂದು ಸೂಕ್ಷ್ಮ. ಕ್ರಿಕೆಟ್ಟಿನದು ಏಷ್ಯಾ ಕಪ್, ಫುಟ್‌ಬಾಲಿನದು ಏಷ್ಯನ್ ಕಪ್. ಹೆಸರು ಇಟ್ಟವರು ಇಟ್ಟಂತೆಯೇ ಹೇಳಬೇಕು. ಕನ್ನಡದಲ್ಲಿ ಮಾತನಾಡುವಾಗಂತೂ ಈ ತೊಡಕೇ ಇಲ್ಲ. "ಏಷ್ಯಾದ ಜನ" ಎಂದರೆ ಸಾಕು. ನಮ್ಮ ಷಷ್ಠಿ ವಿಭಕ್ತಿಗೆ ಯಾವ ಕಲೆಯೂ ಹತ್ತಿಲ್ಲ.

ಆದರೆ ಏಷ್ಯನ್ ಎಂದೊಡನೆ ಎಲ್ಲವೂ ಸ್ಪಷ್ಟವಾಗುವುದಿಲ್ಲ. ಬ್ರಿಟನ್ನಿನಲ್ಲಿ ಏಷ್ಯನ್ ಎಂದರೆ ಸಾಮಾನ್ಯವಾಗಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಮೂಲದವರು. ಇಂಗ್ಲೆಂಡಿನ ಜನಗಣತಿಯಲ್ಲಿ ಚೀನೀಯರನ್ನು ಏಷ್ಯನ್ ಗುಂಪಿಗೆ ಸೇರಿಸಿದ್ದೇ 2011ರಲ್ಲಿ. ಅಮೆರಿಕದಲ್ಲಿ ಅದೇ ಪದ ಕೇಳಿದರೆ ಹೆಚ್ಚಿನವರ ಕಣ್ಣಮುಂದೆ ಬರುವುದು ಚೀನೀ, ಜಪಾನೀ, ಕೊರಿಯನ್ ಮುಖ. ಹೀಗಾಗಿ ಮಗ ನ್ಯೂಜೆರ್ಸಿಯಿಂದ, ಮಗಳು ಲೆಸ್ಟರಿನಿಂದ ಫೋನು ಮಾಡಿ "ಪಕ್ಕದ ಮನೆಗೆ ಏಷ್ಯನ್ ಕುಟುಂಬ ಬಂದಿದೆ" ಎಂದರೆ, ಇಬ್ಬರೂ ಹೇಳುತ್ತಿರುವುದು ಒಂದೇ ಅಲ್ಲದಿರಬಹುದು. ಯಾವ ದೇಶದವರು ಎಂದು ಕೇಳಿಬಿಡಿ. ದೊಡ್ಡ ಹೆಸರಿಗಿಂತ ಸರಿಯಾದ ಸಣ್ಣ ಹೆಸರು ಮೇಲು.

ಇಷ್ಟನ್ನೆಲ್ಲ ಬರೆದುಕೊಂಡು ಮಾಸ್ತರರಿಗೆ ಫೋನು ಮಾಡಿ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ನಾ ಹುಟ್ಟಿದಾಗ ನಮ್ಮ ಧಾರವಾಡ ಮುಂಬಯಿ ರಾಜ್ಯದಾಗನ ಇತ್ತು. 1956ರ ತನಕಾ ಇತ್ತು. ಮದ್ರಾಸಕ್ಕ ನಮಗ ಸಂಬಂಧನ ಇದ್ದಿಲ್ಲ. ಇಲ್ಲಿಗೆ ನೌಕರಿಗೆ ಬಂದ ಮೊದಲನೇ ದಿನಾನ ನನ್ನ ಮದ್ರಾಸಿ ಅಂತ ಕರದ್ರು. ಬೈಬೇಕಂತ ಅಂದಿದ್ದಲ್ಲ ಅವರು. ಆದರ ಯಾರೂ ಊರು ಕೇಳಲಿಲ್ಲ ನೋಡು."

ನನಗೆ ಉತ್ತರ ತೋಚಲಿಲ್ಲ. ಯಾಕೆಂದರೆ, ಕೇಳುಗರೇ, ಬಿಹಾರದಿಂದ ಬಂದವರನ್ನೂ ಉತ್ತರ ಪ್ರದೇಶದಿಂದ ಬಂದವರನ್ನೂ ನಮ್ಮ ಮನೆಯಲ್ಲಿ ಇವತ್ತಿಗೂ ಒಟ್ಟಾಗಿ "ಭಯ್ಯಾ ಜನ" ಎಂದೇ ಕರೆಯುತ್ತೇವೆ. ನಮ್ಮ ಬೀದಿಗೆ ಹಾಲು ತರುವವರ ಊರು ಯಾವುದೆಂದು ನಾನು ಎಂದೂ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಕೇಳಿದೆ. ಜೌನ್‌ಪುರ ಎಂದರು.