ಪೇಟಿ ಮಾಸ್ತರು ರಾಮಭಾವು ಬಿಜಾಪುರೆ

 

ಒಂದು ಕಾಲಕ್ಕೆ ರೇಡಿಯೋದಲ್ಲಿ ಪೇಟಿಗೆ ಬಹಿಷ್ಕಾರವಿತ್ತು ಎಂದರೆ ನೀವು ನಂಬುತ್ತೀರೋ ಇಲ್ಲವೋ. ಪೇಟಿ ಎಂದರೆ ಹಾರ್ಮೋನಿಯಂ. ಮರಾಠಿಯಲ್ಲಿ ಪೇಟಿ, ತೆಲುಗಿನಲ್ಲಿ ಪೆಟ್ಟೆ, ಎರಡಕ್ಕೂ ಅರ್ಥ ಪೆಟ್ಟಿಗೆ ಎಂದೇ. ಭಜನೆ, ಕೀರ್ತನೆ, ಬಯಲಾಟ, ಕಂಪನಿ ನಾಟಕ ಯಾವುದೂ ಅದಿಲ್ಲದೆ ಸಾಗುತ್ತಿರಲಿಲ್ಲ. ಅಂಥ ವಾದ್ಯವನ್ನು ಆಲ್ ಇಂಡಿಯಾ ರೇಡಿಯೋದವರು 1940ರ ಮಾರ್ಚ್ 1ರಿಂದ ತಮ್ಮ ಬಾಗಿಲ ಹೊರಗೆ ಇಟ್ಟರು. ಆ ಹೊತ್ತಿಗೆ ಕಾಗವಾಡದ ಒಬ್ಬ ತರುಣನಿಗೆ ಇಪ್ಪತ್ತಮೂರು ವರ್ಷ. ಅವನ ಜೀವನವೆಲ್ಲ ಆ ಪೇಟಿಯ ಮೇಲೇ ನಿಂತಿತ್ತು. ಆತನೇ ಮುಂದೆ ಪಂಡಿತ ರಾಮಭಾವು ಬಿಜಾಪುರೆ ಎಂದು ಹೆಸರಾದರು. ಬಲ್ಲವರು ಬಿಜಾಪುರೆ ಮಾಸ್ತರು ಎನ್ನುತ್ತಿದ್ದರು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಓದಿದ್ದು ಮೆಟ್ರಿಕ್. ಸಂಗೀತಶಾಸ್ತ್ರ ಹೇಳುವ ಅಧಿಕಾರ ನನಗಿಲ್ಲ. ಆದರೆ ಲೆಕ್ಕ ಸರಿ ಕೂಡಿದ ದಿನ ಗುಮಾಸ್ತನನ್ನು ಯಾರೂ ನೆನೆಯುವುದಿಲ್ಲ, ಎರಡು ರೂಪಾಯಿ ಹೆಚ್ಚುಕಮ್ಮಿಯಾದ ದಿನ ಊರೆಲ್ಲ ಹುಡುಕುತ್ತಾರೆ ಎಂಬುದನ್ನು ನಾನು ಬಲ್ಲೆ. ಹಾಡಿನ ಪಕ್ಕ ಪೇಟಿ ಹಿಡಿದು ಕೂಡುವವನ ಪಾಡೂ ಹೆಚ್ಚುಕಡಿಮೆ ಅದೇ. ಆದ್ದರಿಂದಲೇ ಈ ವಿಷಯ ಆರಿಸಿಕೊಂಡೆ.

ಬಿಜಾಪುರೆಯವರು ಹುಟ್ಟಿದ್ದು 1917ರ ಜನವರಿ 7ರಂದು, ಬೆಳಗಾವಿ ಸೀಮೆಯ ಕಾಗವಾಡದಲ್ಲಿ. ಅದೂ ನಮ್ಮಂತೆ ಗಡಿನಾಡು. ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು. ನಮ್ಮ ನ್ಯಾಲ್ಕಲ್ ಸರ್ಕಲ್ 1956ರ ತನಕ ಬೀದರ ತಾಲೂಕಿನಲ್ಲಿತ್ತು, ರಾಜ್ಯಗಳ ವಿಂಗಡಣೆಯಲ್ಲಿ ಮೇದಕ ಜಿಲ್ಲೆಗೆ ಹೋಯಿತು. ಅದೇ ವಿಂಗಡಣೆಯಲ್ಲಿ ಬೆಳಗಾವಿ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ನಕ್ಷೆಯ ಗೆರೆ ಸರಿಯಿತು, ಹಾಡುವವರು ಎಲ್ಲಿದ್ದರೋ ಅಲ್ಲೇ ಇದ್ದರು.

ಅವರು ಅಣ್ಣಿಗೇರಿ ಮಲ್ಲಯ್ಯನವರಲ್ಲಿ ಕಲಿತರು, ಮುಂದೆ ರಾಮಕೃಷ್ಣಬುವಾ ವಝೆಯವರಂಥ ದೊಡ್ಡ ಗಾಯಕರಿಂದಲೂ ಪಾಠವಾಯಿತು. ಪೇಟಿಯವನಿಗೆ ಹಾಡಿನ ಪಾಠವೇಕೆ ಎಂದು ನೀವು ಕೇಳಬಹುದು. ಇರುವ ಗುಟ್ಟೆಲ್ಲ ಅಲ್ಲೇ. ಗಾಯಕ ಮುಂದೆ ಎಲ್ಲಿಗೆ ಹೋಗುತ್ತಾನೆ ಎಂಬುದು ಸ್ವತಃ ಹಾಡಬಲ್ಲವನಿಗೇ ಗೊತ್ತಾಗುವುದು. ಗಾಯಕನ ಬಾಯಿಂದ ಸ್ವರ ಹೊರಟ ಮೇಲೆ ಬೆರಳು ಹುಡುಕಹೋದರೆ ಹೊತ್ತು ಮೀರಿಹೋಗುತ್ತದೆ. ಮುಂಚೆಯೇ ಹೋಗಿ ನಿಂತರೆ ಗಾಯಕನ ದಾರಿಗೆ ಅಡ್ಡ. ಅರ್ಧ ಹೆಜ್ಜೆ ಹಿಂದೆ ನಡೆಯಬೇಕು, ನೆರಳಿನ ಹಾಗೆ. ಗಾಯಕ ಉಸಿರು ತೆಗೆದುಕೊಳ್ಳುವಾಗ ಮಾತ್ರ ಸ್ವರ ಬತ್ತದಂತೆ ಹಿಡಿದಿರಬೇಕು.

ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಇಂಥವರಿಗೆಲ್ಲ ಬಿಜಾಪುರೆಯವರು ಸಾಥ್ ಮಾಡಿದರು. ಒಬ್ಬರ ಚಾಲು ಇನ್ನೊಬ್ಬರಿಗಿಲ್ಲ. ಅಷ್ಟೂ ಜನರ ಮನಸ್ಸು ಬಲ್ಲ ಮನುಷ್ಯ ಒಬ್ಬನೇ ಎಂದರೆ ನನಗೆ ಈಗಲೂ ಬೆರಗು.

ಇನ್ನು ಆ ಬಹಿಷ್ಕಾರದ ಮಾತು. ದೆಹಲಿ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷರು ಹಾರ್ಮೋನಿಯಂ ವಿರುದ್ಧ ಬರೆದರು. ಮೇಲಧಿಕಾರಿ ಲಯೋನೆಲ್ ಫೀಲ್ಡನ್ ಹುಕುಂ ಹೊರಡಿಸಿದರು. ರವೀಂದ್ರನಾಥ ಠಾಕೂರರಿಗೂ ಈ ವಾದ್ಯ ಸೇರುತ್ತಿರಲಿಲ್ಲ. ಅವರ ಆಕ್ಷೇಪಣೆ ಪೂರಾ ಸುಳ್ಳೇನಲ್ಲ. ಪೇಟಿಯೊಳಗೆ ಹಿತ್ತಾಳೆಯ ನಾಲಿಗೆಗಳಿರುತ್ತವೆ. ತಿದಿಯ ಗಾಳಿ ತಾಗಿದರೆ ಅವು ಅದುರಿ ಸ್ವರ ಹೊರಡುತ್ತದೆ. ಪ್ರತಿ ನಾಲಿಗೆಗೂ ಒಂದೇ ಸ್ವರ, ಒಂದು ಸಪ್ತಕಕ್ಕೆ ಹನ್ನೆರಡೇ ಪಟ್ಟಿ. ಸಾರಂಗಿಯಲ್ಲಾಗಲಿ ಪಿಟೀಲಿನಲ್ಲಾಗಲಿ ಬೆರಳು ಜಾರಿಸಿ ಒಂದು ಸ್ವರದಿಂದ ಇನ್ನೊಂದಕ್ಕೆ ಹರಿದು ಹೋಗಬಹುದು. ಪೇಟಿಯಲ್ಲಿ ಹಾರಬೇಕಷ್ಟೆ. ಮೇಲಾಗಿ ಅದು 1842ರಲ್ಲಿ ಪ್ಯಾರಿಸ್ಸಿನ ದೆಬೆನ್ ಎಂಬಾತ ಹಕ್ಕು ಪಡೆದ ಪರದೇಶದ ವಾದ್ಯ. ಆದರೆ ಪರದೇಶದ್ದೆಂದು ಅದನ್ನು ಹೊರಗಿಡುವ ಹುಕುಂ ಮಾಡಿದವರೂ ಪರದೇಶದವರೇ ಎಂಬುದು ನನಗೆ ನಗು ತರಿಸುತ್ತದೆ. ನಮ್ಮ ಹಳ್ಳಿಯವರಿಗೆ ಅದು ಎಂದೋ ಮನೆಯ ಸಾಮಾನಾಗಿತ್ತು.

1950ರ ಜನವರಿಯಲ್ಲಿ ಧಾರವಾಡದಲ್ಲಿ ಆಕಾಶವಾಣಿ ಶುರುವಾದಾಗಲೂ ಈ ನಿಷೇಧ ಹಾಗೇ ಇತ್ತು. ನಮ್ಮ ಗಾಯಕರು ಹೊರಗೆ ಬೈಠಕ್ಕಿಗೆ ಕೂತರೆ ಪಕ್ಕದಲ್ಲಿ ಪೇಟಿ, ರೇಡಿಯೋದಲ್ಲಿ ಹಾಡಿದರೆ ಪೇಟಿ ಇಲ್ಲ. ಕೊನೆಗೆ 1971ರಲ್ಲಿ ಸಾಥ್‌ಗೆ ಮಾತ್ರ ಎಂದು ನಿಷೇಧ ಸಡಿಲಿಸಿದರು. ಒಂಟಿಯಾಗಿ ನುಡಿಸಲು ಆಗಲೂ ಬಿಡಲಿಲ್ಲ. ಬಿಜಾಪುರೆಯವರಿಗೆ ಐವತ್ತನಾಲ್ಕು ವರ್ಷ ಆಗಿತ್ತು. ಮೂವತ್ತೊಂದು ವರ್ಷವೆಂದರೆ ಒಬ್ಬ ಗುಮಾಸ್ತ ನೌಕರಿಗೆ ಸೇರಿ ಪೆನ್ಷನ್ನಿಗೆ ಬರುವಷ್ಟು ಕಾಲ.

ಆ ಕಾಲವೆಲ್ಲ ಅವರು ಕೈಕಟ್ಟಿ ಕೂಡಲಿಲ್ಲ. ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ಮಹಾವಿದ್ಯಾಲಯ ನಡೆಸಿದರು, ಸಾವಿರಾರು ಮಕ್ಕಳಿಗೆ ಕಲಿಸಿದರು. ಒಂಟಿ ಪೇಟಿಯ ಕಚೇರಿಗಳನ್ನೂ ಕೊಟ್ಟರು. ಜಾರಲಾಗದ ವಾದ್ಯದಲ್ಲಿ ಜಾರಿದಂತೆ ಕೇಳಿಸುವುದು ಕೈಚಳಕದ ಕೆಲಸ. ತಿದಿಯ ಒತ್ತಡ ಹದವಾಗಿ ಏರಿಸಿ ಇಳಿಸಬೇಕು, ಅಕ್ಕಪಕ್ಕದ ಪಟ್ಟಿಯನ್ನು ಸೋಂಕಿದಂತೆ ಮಾಡಿ ಬಿಡಬೇಕು. ಆಗ ಪೆಟ್ಟಿಗೆ ಹಾಡಿದಂತೆ ಕೇಳುತ್ತದೆ.

ಪಕ್ಕವಾದ್ಯದವರ ಪಾಡು ನಮ್ಮ ದೇಶದಲ್ಲಷ್ಟೇ ಅಲ್ಲ, ಹೊರಗೂ ಹೀಗೇ. ಇಂಗ್ಲೆಂಡಿನಲ್ಲಿ 1962ರಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ಮೇಳ ಕಟ್ಟಿದವರಲ್ಲಿ ಇಯಾನ್ ಸ್ಟೂವರ್ಟ್ ಒಬ್ಬರು. ಅಮೆರಿಕದ ಆಫ್ರಿಕಾ ಮೂಲದ ಜನರ ಬ್ಲೂಸ್ ಹಾಡಿಗೆ ಪಿಯಾನೋ ನುಡಿಸುವವರು. ಮುಖಚಹರೆ ಮೇಳಕ್ಕೆ ಹೊಂದುವುದಿಲ್ಲವೆಂದು 1963ರಲ್ಲಿ ಮ್ಯಾನೇಜರ್ ಅವರ ಹೆಸರನ್ನೇ ಕಿತ್ತುಹಾಕಿದ. ಅವರು ಮುನಿಸಿಕೊಂಡು ಹೋಗಲಿಲ್ಲ. ಮೇಳದ ಸಾಮಾನು ಸಾಗಿಸುತ್ತ, ಹಿಂದೆ ಕೂತು ಪಿಯಾನೋ ನುಡಿಸುತ್ತ 1985ರಲ್ಲಿ ತೀರಿಕೊಂಡರು. 1989ರಲ್ಲಿ ಮೇಳಕ್ಕೆ ಅಮೆರಿಕದಲ್ಲಿ ದೊಡ್ಡ ಗೌರವ ಸಂದಾಗ ಅವರ ಹೆಸರನ್ನೂ ಸೇರಿಸಿದರು. ಕೇಳಲು ಅವರಿರಲಿಲ್ಲ.

ಬಿಜಾಪುರೆ ಮಾಸ್ತರು ಈ ವಿಷಯದಲ್ಲಿ ಪುಣ್ಯವಂತರು. ಮಾನ ಮರ್ಯಾದೆ ಕಣ್ಣಾರೆ ಕಂಡು, 93 ವರ್ಷ ಬಾಳಿ, 2010ರ ನವೆಂಬರ್ 19ರಂದು ತೀರಿಹೋದರು. ರವೀಂದ್ರ ಕಾಟೋಟಿ, ಸುಧಾಂಶು ಕುಲಕರ್ಣಿ ಮೊದಲಾದ ಶಿಷ್ಯರು ಅವರ ಪೇಟಿಯನ್ನು ಮುಂದುವರಿಸಿದರು.

ಬಂಧುಗಳೇ, ನಮ್ಮ ಗಡಿಯ ಹಳ್ಳಿಗಳ ಗುಡಿಗಳಲ್ಲಿ ಹಳೆಯ ಪೇಟಿಗಳು ಮೂಲೆ ಸೇರಿವೆ. ಕರೆಂಟಿನ ಕೀಬೋರ್ಡ್ ಬಂದಿದೆ, ಬರಲಿ, ಬೇಡವೆನ್ನುವುದಿಲ್ಲ. ಆದರೆ ಕನ್ನಡ ಪದಕ್ಕೂ ತೆಲುಗು ಪದಕ್ಕೂ ಮರಾಠಿ ಅಭಂಗಕ್ಕೂ ಒಂದೇ ಕೂತಿನಲ್ಲಿ ಸಾಥ್ ಕೊಡಬಲ್ಲ ಮುದುಕರು ಊರಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ನಿಮ್ಮೂರಲ್ಲಿ ಅಂಥವರಿದ್ದರೆ ಶಾಲೆಗೆ ಹೋಗುವ ಒಂದು ಹುಡುಗಿಯನ್ನೋ ಹುಡುಗನನ್ನೋ ಈ ವಾರವೇ ಅವರ ಪಕ್ಕ ಕೂಡಿಸಿರಿ. ಪೇಟಿಯನ್ನು ನೆಲಕ್ಕಿಡಬೇಡಿರಿ, ಮಳೆಗಾಲದ ತೇವಕ್ಕೆ ನಾಲಿಗೆ ಕಿಲುಬು ಹಿಡಿಯುತ್ತದೆ. ಮಣೆಯ ಮೇಲಿಟ್ಟು ಬಟ್ಟೆ ಮುಚ್ಚಿರಿ, ತಿದಿಯ ಚರ್ಮಕ್ಕೆ ಇಲಿಯ ಕಾಟ ಬಹಳ.