ಋತುವಿಗೆ ತಕ್ಕ ಮೈಬಣ್ಣ
(ಮಾಟುಂಗದಲ್ಲಿ ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಒಲೆಯ ಮುಂದೆಯೋ ಮಗ್ಗದ ಮುಂದೆಯೋ ದುಡಿಯುವ ನಮಗೆ ಮಳೆಗಾಲವೂ ಒಂದೇ, ಬೇಸಗೆಯೂ ಒಂದೇ. ಬೆಟ್ಟದ ಪ್ರಾಣಿಗಳಿಗೆ ಹಾಗಲ್ಲ; ಋತು ತಪ್ಪಿದರೆ ಜೀವವೇ ಹೋಯಿತು.

ಹಿಮಾಲಯದಲ್ಲಿಯೂ ಉತ್ತರದ ಚಳಿದೇಶಗಳಲ್ಲಿಯೂ ಸ್ಟೋಟ್ ಎಂಬ, ಮುಂಗುಸಿಗಿಂತ ಚಿಕ್ಕದಾದ ಬೇಟೆಪ್ರಾಣಿಯಿದೆ. ಬೇಸಗೆಯಲ್ಲಿ ಅದರ ಬೆನ್ನು ಕಂದು. ಹಿಮ ಹೆಚ್ಚು ಬೀಳುವ ಕಡೆ ಚಳಿಗಾಲಕ್ಕೆ ಆ ಕೂದಲು ಉದುರಿ ಬಿಳಿಯದು ಬರುತ್ತದೆ. ಬಾಲದ ತುದಿ ಮಾತ್ರ ಕಪ್ಪು. ಯೂರೋಪಿನ ಅರಸರ ನಿಲುವಂಗಿಗೆ ಹೊಲಿಸುತ್ತಿದ್ದುದು ಈ ಬಿಳಿಯ ತುಪ್ಪಳವನ್ನೇ. ಪ್ರಾಣ ಉಳಿಸಲು ಬಂದ ಬಣ್ಣವೇ ಪ್ರಾಣಕ್ಕೆ ಮುಳುವಾಯಿತು ನೋಡಿ!

ಈ ಬಣ್ಣ ಬದಲಾಗುವುದು ಹಿಮವನ್ನು ಕಂಡಲ್ಲ, ಮುಖ್ಯವಾಗಿ ಹಗಲು ಚಿಕ್ಕದಾದುದರಿಂದ. ತೊಡಕಿರುವುದು ಇಲ್ಲಿಯೇ. ಸ್ಕಾಟ್ಲೆಂಡಿನ ಬೆಟ್ಟದ ಮೊಲವೂ ಹೀಗೆಯೇ ಬಿಳಿಯಾಗುತ್ತದೆ. ಅಲ್ಲಿ ನೆಲದ ಮೇಲೆ ಹಿಮವಿರುವ ದಿನಗಳು ಕಡಿಮೆಯಾದವು, ಮೊಲ ಮಾತ್ರ ಹಳೆಯ ಪಂಚಾಂಗವನ್ನೇ ಹಿಡಿದುಕೊಂಡಿತು. ಕಂದು ನೆಲದ ಮೇಲೆ ಬಿಳಿಯ ಮೊಲ ಎದ್ದು ಕಾಣುವ ದಿನಗಳು 1950ರಿಂದ 2016ರೊಳಗೆ ವರ್ಷಕ್ಕೆ ಸುಮಾರು 35ರಷ್ಟು ಹೆಚ್ಚಿದವೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ಹದ್ದಿಗೂ ನರಿಗೂ ಹಬ್ಬ.

ನಮ್ಮ ಸಹ್ಯಾದ್ರಿಯಲ್ಲಿ ಹಿಮವಿಲ್ಲ, ಮಳೆಯಿದೆ. ಆದ್ದರಿಂದ ಇಲ್ಲಿ ವೇಷ ಬದಲಿಸುವವನೇ ಬೇರೆ. ಸಂಜೆ ದೀಪದ ಬಳಿ ಬರುವ, ಅಂಗೈಯಷ್ಟಗಲದ ಕಂದು ಚಿಟ್ಟೆಯನ್ನು ಊರಿನಲ್ಲಿ ನೀವೆಲ್ಲ ಕಂಡಿದ್ದೀರಿ. ಶಾಸ್ತ್ರಜ್ಞರು ಅದನ್ನು ಮೆಲನೈಟಿಸ್ ಲೀಡಾ ಎನ್ನುತ್ತಾರೆ. ಅದರ ಹುಳು ಹುಲ್ಲನ್ನೂ ಬತ್ತದ ಗರಿಯನ್ನೂ ತಿಂದು ಬೆಳೆಯುತ್ತದೆ. ಮಳೆಗಾಲದ ಚಿಟ್ಟೆಯ ರೆಕ್ಕೆಯಡಿಯಲ್ಲಿ, ಅಂಚಿನುದ್ದಕ್ಕೂ ಕಣ್ಣಿನಂಥ ಬೊಟ್ಟುಗಳು. ಹಸುರಿನ ನಡುವೆ ಅಡಗುವುದು ಕಷ್ಟ. ಹಲ್ಲಿಯೋ ಹಕ್ಕಿಯೋ ಆ ಬೊಟ್ಟಿಗೆ ಬಾಯಿ ಹಾಕಿದರೆ ಹರಿಯುವುದು ರೆಕ್ಕೆಯ ಅಂಚು, ಪ್ರಾಣ ಉಳಿಯುತ್ತದೆ. ಮಳೆ ನಿಂತ ಮೇಲೆ ಹುಟ್ಟುವ ಚಿಟ್ಟೆಗೆ ಆ ಬೊಟ್ಟುಗಳು ಅಳಿಸಿಹೋದಂತಿರುತ್ತವೆ. ಅದು ಒಣಗಿದ ಎಲೆಯೇ! ಎರಡು ತರಗೆಲೆ ಒಂದೇ ತೆರನಾಗಿರುವುದಿಲ್ಲವಷ್ಟೆ? ಈ ಚಿಟ್ಟೆಗಳೂ ಹಾಗೆಯೇ. ಒಂದು ಮಾಸಲು, ಒಂದು ಕೆಂಗಂದು, ಇನ್ನೊಂದಕ್ಕೆ ಕಪ್ಪು ಕಲೆ. ತರಗೆಲೆಯ ನಡುವೆ ಅಲುಗದೆ ಕುಳಿತುಕೊಳ್ಳುತ್ತದೆ, ಕಾಲಿಡುವವರೆಗೆ ಗೊತ್ತಾಗುವುದಿಲ್ಲ.

ಮೊಲದಂತೆ ಈ ಚಿಟ್ಟೆ ಬಟ್ಟೆ ಬದಲಿಸುವುದಿಲ್ಲ. ಒಮ್ಮೆ ರೆಕ್ಕೆ ಬಿಚ್ಚಿದ ಮೇಲೆ ಬಣ್ಣ ಮುಗಿಯಿತು. ಬದಲಾಗುವುದು ಮುಂದಿನ ತಲೆಮಾರು. ಹುಳುವಾಗಿದ್ದಾಗ ಉಂಡ ಬಿಸಿ, ತಂಪುಗಳೇ ಅದರ ಮುಂದಿನ ವೇಷವನ್ನು ತೀರ್ಮಾನಿಸುತ್ತವೆ.

ದೀಪಾವಳಿಗೆ ರಜೆ ಸಿಕ್ಕಿ ಊರಿಗೆ ಹೋದವರು ತೋಟದ ತರಗೆಲೆಯನ್ನು ಕೋಲಿನಿಂದ ಮೆಲ್ಲಗೆ ಕೆದಕಿ ನೋಡಿ. ಆಗ ಎರಡು ವೇಷದವೂ ಸಿಕ್ಕಬಹುದು. ರಜೆ ಸಿಕ್ಕದವರಿಗೆ ಬೊರಿವಲಿಯ ಕಾಡಿದೆ. ಅಲ್ಲಿಯೂ ಈ ಚಿಟ್ಟೆಯುಂಟು.